ಇಸ್ತ್ರಿಯಕ್ಕನ ಬಿಸಿ ಊಟ

ಹೋಟೆಲಿನ ಮೇಲಿನ ಅಂತಸ್ತಿನ ಊಟದ ಬಗ್ಗೆ ಇಸ್ತ್ರಿಯಕ್ಕನಿಗೆ ಗೊತ್ತಿದ್ದುದೆಲ್ಲ ಕಲೆಗಳಿಂದ ಗೊತ್ತಾದದ್ದು. ಬೆಣ್ಣೆಯ ಕಲೆ ಬಟ್ಟೆಯ ಮೇಲೆ ಒದ್ದೆಯ ಹಾಗೆ ಕಾಣುತ್ತದೆ, ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಸೋಯಾ ರಸದ್ದು ತುಕ್ಕಿನ ಹಾಗೆ, ಅಂಚಿನಲ್ಲಿ ಗಾಢ, ನಡುವೆ ತಿಳಿ. ಕೆಂಪು ವೈನಿನದು ಬೆಳಗಾಗುವಷ್ಟರಲ್ಲಿ ನೇರಳೆಗೆ ತಿರುಗಿ ಹಟ ಹಿಡಿದು ಕೂತಿರುತ್ತದೆ. ಒಂದೇ ನ್ಯಾಪ್ಕಿನ್ನಿನ ಮೇಲೆ ಬೆಣ್ಣೆಯೂ ಸೋಯಾವೂ ಪಕ್ಕಪಕ್ಕ ಕೂತಿದ್ದರೆ ಅದು ಮೇಲಿನ ಅಂತಸ್ತಿನದೇ, ಅನುಮಾನವೇ ಬೇಡ. ಅಲ್ಲಿ ಇಬ್ಬರು ಬಾಣಸಿಗರಿದ್ದರು. ಒಬ್ಬರು ಫ್ರೆಂಚ್ ಅಡುಗೆ ಕಲಿತವರು, ಇನ್ನೊಬ್ಬರು ಚೀನೀ ಅಡುಗೆಯವರು. ಇಬ್ಬರೂ ಸೇರಿ ಎರಡು ದೇಶದ ಅಡುಗೆಯನ್ನು ಒಂದೇ ತಟ್ಟೆಗೆ ತರುತ್ತಿದ್ದರು. ಕೆಲಸದವರ ಬಾಯಲ್ಲಿ ಒಬ್ಬರು ಬೆಣ್ಣೆಯಣ್ಣ, ಇನ್ನೊಬ್ಬರು ಶುಂಠಿಯಣ್ಣ.

ಇಸ್ತ್ರಿಯಕ್ಕನ ಜಾಗ ನೆಲಮಾಳಿಗೆಯ ಬಟ್ಟೆ ಕೋಣೆ. ಒಂದು ಕಡೆ ಒಗೆಯುವ ಯಂತ್ರಗಳು, ಮಧ್ಯದಲ್ಲಿ ಮೇಜುಬಟ್ಟೆಗಳನ್ನು ನುಂಗಿ ಗರಿಗರಿಯಾಗಿ ಉಗುಳುವ ದೊಡ್ಡ ಉರುಳೆ, ಗೋಡೆಗೆ ಒಂದು ಸಣ್ಣ ಕಿಂಡಿ. ವೇಟರುಗಳು ಆ ಕಿಂಡಿಯಿಂದ ಮಡಚಿದ ನ್ಯಾಪ್ಕಿನ್ನುಗಳ ಗಂಟು ಒಯ್ಯುತ್ತಿದ್ದರು. ನ್ಯಾಪ್ಕಿನ್ ಮಡಚುವುದರಲ್ಲಿ ಅವಳದು ಎತ್ತಿದ ಕೈ. ಬಟ್ಟೆ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಯಿಸಿ, ಬಿಸಿ ಆರುವ ಮೊದಲೇ ದೋಣಿಯಾಕಾರಕ್ಕೆ ಮಡಚಿ ಸಾಲಾಗಿ ನಿಲ್ಲಿಸುತ್ತಿದ್ದಳು. ಕೈಗೆ ಯಾವ ಬಟ್ಟೆ ಸಿಕ್ಕರೂ ಬೆರಳು ತಾನಾಗಿ ಅಂಚಿಗೆ ಅಂಚು ಕೂಡಿಸುತ್ತಿತ್ತು. ಬಸ್ಸಿನಲ್ಲಿ ಕೂತಾಗ ಪಕ್ಕದವಳ ಶಾಲಿನ ತುದಿಯನ್ನು ಮಡಚಿ ಅವಳಿಂದ ಬೈಸಿಕೊಂಡದ್ದೂ ಉಂಟು.

ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಹರಿದದ್ದನ್ನು ಹೊಲಿಯುವವಳು ಕೂರುತ್ತಿದ್ದಳು. ಅವಳಿಗೆ ಸೂಜಿ ಎಂದು ಹೆಸರು ಬಿದ್ದದ್ದು ಕೆಲಸಕ್ಕೋ ನಾಲಿಗೆಗೋ ಯಾರೂ ಬಿಡಿಸಿ ಹೇಳಿರಲಿಲ್ಲ. ಬೆಳಿಗ್ಗೆ ಮೇಲಿನಿಂದ ಕೊಳೆಬಟ್ಟೆಯ ಬುಟ್ಟಿ ಬಂದರೆ ಇಬ್ಬರಿಗೂ ಅದೇ ದಿನಪತ್ರಿಕೆ.

"ನೋಡೇ ಇವನನ್ನ. ಇಡೀ ಊಟ ಮೇಲೆ ಬೀಳಿಸ್ಕೊಂಡು ಒರೆಸ್ಕೊಂಡಿದಾನೆ. ಹೆಂಡ್ತಿ ಜೊತೆ ಬಂದಿರಲಿಲ್ಲ, ಬೇರೆ ಯಾರ ಜೊತೆನೋ. ಕೈ ನಡುಗಿದೆ," ಎನ್ನುತ್ತಿದ್ದಳು ಸೂಜಿ.

"ಇದು ಹೆಂಗಸಿಂದು. ತುಟಿ ಗುರುತು ಒಂದೂ ಇಲ್ಲ. ಬರೀ ಬೆರಳಿಂದು," ಎನ್ನುತ್ತಿದ್ದಳು ಇಸ್ತ್ರಿಯಕ್ಕ.

"ಮಕ್ಕಳನ್ನ ಕರ್ಕೊಂಡು ಬಂದವಳು. ಅವರ ಬಾಯಿ ಒರೆಸಿದಾಳೆ, ತನ್ನ ಬಾಯಿಗೆ ಏನೂ ಹೋಗಿಲ್ಲ. ಪಾಪ, ದುಡ್ಡಿದ್ರೂ ಹಣೆಬರಹ ಅದೇ."

ಹೀಗೆ ನ್ಯಾಪ್ಕಿನ್ ನೋಡಿ ಯಾರು ತಿಂದರು, ಯಾರು ಬಡಿಸಿದರು ಎಂದು ಹೇಳುವುದು ಅವರಿಬ್ಬರ ಆಟವಾಗಿತ್ತು. ಬಡಿಸುವವಳ ಬಟ್ಟೆಯಲ್ಲಿ ತುಟಿ ಗುರುತು ಇರುವುದಿಲ್ಲ. ಅದು ಇಸ್ತ್ರಿಯಕ್ಕನಿಗೆ ಬೇಗ ಗುರುತು ಸಿಗುತ್ತಿತ್ತು. ತನ್ನ ಮುಖವನ್ನು ಕನ್ನಡಿಯಲ್ಲಿ ಯಾರಾದರೂ ಗುರುತು ಹಿಡಿಯದೆ ಇರುತ್ತಾರೆಯೇ?

ಅವಳ ಮನೆ ಎರಡು ಕೋಣೆ, ಒಂದು ಅಡುಗೆಮನೆ. ಗಂಡನಿಗೆ ಬೀದಿಯ ತಿರುವಿನಲ್ಲಿ ಬೀಗ ರಿಪೇರಿಯ ಅಂಗಡಿ. ಒಳ್ಳೆಯ ಮನುಷ್ಯ, ಕುಡಿಯುವವನಲ್ಲ, ಬೈಯುವವನಲ್ಲ. ಊರಿನ ಎಂಥ ಹಟಮಾರಿ ಬೀಗವನ್ನಾದರೂ ಕಣ್ಣು ಮುಚ್ಚಿ ತೆರೆಯುತ್ತಿದ್ದ, ಅಡುಗೆಮನೆಯ ಡಬ್ಬಿಯ ಮುಚ್ಚಳ ಮಾತ್ರ ಯಾವ ಕಡೆಗೆ ತಿರುಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅತ್ತೆಗೆ ಮೊಣಕಾಲು ನೋವು, ಕಿವಿ ಚುರುಕು, ಮಾತು ಅದಕ್ಕಿಂತ ಚುರುಕು. ಒಬ್ಬಳೇ ಮಗಳು ಶಾಲೆಯಲ್ಲಿ ಟೀಚರು, ಮದುವೆಯಾಗಿ ಎರಡು ಬೀದಿ ಆಚೆ ಇದ್ದಳು. ಅವಳು ವಾರದ ಹೆಚ್ಚಿನ ದಿನ ಸಂಜೆ ತಾಯಿಯ ಮನೆಗೆ ಬಂದು, "ಅಮ್ಮ, ನೀನು ಎಲ್ಲರ ಜೊತೆ ಯಾಕೆ ಕೂತು ತಿನ್ನಲ್ಲ? ಇದೆಲ್ಲ ಬದಲಾಗ್ಬೇಕಮ್ಮ," ಎಂದು ಹೇಳಿ, ತಿಂದ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದಳು.

ಆಮೇಲೆ ತಿನ್ನು ಎಂದು ಇಸ್ತ್ರಿಯಕ್ಕನಿಗೆ ಯಾರೂ ಹೇಳಿರಲಿಲ್ಲ. ಈಗ ಕೂತುಕೋ ಎಂದೂ ಹೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಕೊನೆಗೆ ತಿನ್ನುತ್ತಿದ್ದರು, ಸೊಸೆ ಅವರ ಜೊತೆ ಕೊನೆಗೆ ತಿಂದಳು. ಅತ್ತೆಗೆ ಮೊಣಕಾಲು ಹೋದ ಮೇಲೆ ಅವರು ಮೇಜಿಗೆ ಬಡ್ತಿ ಪಡೆದರು, ಸೊಸೆ ಒಲೆಯ ಹತ್ತಿರವೇ ಉಳಿದಳು. ಎಲ್ಲರದೂ ಆದ ಮೇಲೆ ಅನ್ನದ ಪಾತ್ರೆಗೇ ಉಳಿದ ಪಲ್ಯ ಸುರಿದುಕೊಂಡು, ಕಟ್ಟೆಗೆ ಒರಗಿ ನಿಂತು ತಿನ್ನುತ್ತಿದ್ದಳು. ಹಾಗೆ ತಿಂದರೆ ತೊಳೆಯಲು ಒಂದು ತಟ್ಟೆ ಕಡಿಮೆ. ಅಷ್ಟು ಹೊತ್ತಿಗೆ ಅನ್ನ ಆರಿ ಗಟ್ಟಿಯಾಗಿರುತ್ತಿತ್ತು. ಕೆಲವು ದಿನ ಮತ್ತೆ ಬಿಸಿ ಮಾಡುತ್ತಿದ್ದಳು, ಬಿಸಿ ಮಾಡಿದ ಅನ್ನಕ್ಕೆ ಒಂದು ಥರಾ ಹೊಗೆಯ ವಾಸನೆ. ಅದೇ ಅನ್ನದ ರುಚಿ ಎಂದುಕೊಂಡಿದ್ದಳು.

ಆ ಹೋಟೆಲಿನಲ್ಲಿ ಹಳೆಯ ಮಾಲೀಕರ ಕಾಲದಿಂದ ಒಂದು ಪದ್ಧತಿ ಇತ್ತು. ಕೆಲಸದಿಂದ ನಿವೃತ್ತರಾಗುವವರು, ತೋಟದವರಾಗಲಿ ಮ್ಯಾನೇಜರಾಗಲಿ, ಕೊನೆಯ ದಿನ ಸಂಜೆ ಮನೆಯ ಮೂವರ ಜೊತೆ ಮೇಲಿನ ಅಂತಸ್ತಿನಲ್ಲಿ ಅತಿಥಿಯಾಗಿ ಊಟ ಮಾಡಬೇಕು. ಗಂಡಸರು ಈ ಊಟ ಮಾಡಿ ಬಂದು ತಿಂಗಳುಗಟ್ಟಲೆ ಅದನ್ನೇ ಹೇಳುತ್ತಿದ್ದರು. ಹೆಂಗಸರ ಕಥೆ ಬೇರೆ. ಪಾತ್ರೆ ತೊಳೆಯುವ ದೊಡ್ಡಕ್ಕ ಪ್ರತಿ ಸಲ ತಟ್ಟೆ ಖಾಲಿಯಾದಾಗಲೂ ಒಂದರ ಮೇಲೊಂದು ಪೇರಿಸಿ, ವೇಟರು ಬೇಡವೆಂದರೂ ಕೇಳದೆ, ತಾನೇ ಅಡುಗೆಮನೆಗೆ ಒಯ್ದು ಇಟ್ಟು ಬಂದಿದ್ದಳು. ಕೋಣೆ ಗುಡಿಸುವವಳು ಮೊಮ್ಮಕ್ಕಳಿಗೆಂದು ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಹೋದಳು. ಮಾರನೆಯ ದಿನ ಸೂಜಿ ಕೇಳಿದರೆ ಇಬ್ಬರಿಂದಲೂ ಒಂದೇ ಉತ್ತರ: "ಚೆನ್ನಾಗಿತ್ತಂತೆ."

"ಇತ್ತಂತೆ ಅಂದ್ರೇನೇ? ತಿಂದವಳು ನೀನು ತಾನೆ?" ಎಂದು ಸೂಜಿ ಹಣೆ ಚಚ್ಚಿಕೊಂಡಿದ್ದಳು.

ಈಗ ಇಸ್ತ್ರಿಯಕ್ಕನ ಸರದಿ. ಸೂಜಿಯದು ಮುಂದಿನ ವರ್ಷ.

"ನೀನೂ ಚೆನ್ನಾಗಿತ್ತಂತೆ ಅಂತ ಬಂದ್ರೆ ನನ್ನ ಮುಖ ನೋಡ್ಬೇಡ," ಎಂದಳು ಸೂಜಿ, ಕೊನೆಯ ದಿನ ಮಧ್ಯಾಹ್ನ ದಾರವನ್ನು ಹಲ್ಲಿನಲ್ಲಿ ಕಡಿಯುತ್ತ. "ಒಂದು, ಒಂದೇ ಒಂದು ಪದಾರ್ಥನಾದ್ರೂ ಬಿಸಿಬಿಸಿ ಇರೋವಾಗ ಕೂತಲ್ಲೇ ಕೂತು ಪೂರ್ತಿ ತಿನ್ನು. ನಮ್ಮಲ್ಲಿ ಒಬ್ಬಳಾದ್ರೂ ತಿಂದ್ಳು ಅಂತ ಆಗ್ಲಿ. ಆಮೇಲೆ ನಂಗೂ ಧೈರ್ಯ ಬರತ್ತೆ."

"ತಿನ್ನೋಕೆ ಧೈರ್ಯ ಯಾತಕ್ಕೆ, ಹಲ್ಲಿದ್ರೆ ಸಾಕು."

"ಬುಟ್ಟಿ ನಾಳೆ ನನ್ನ ಹತ್ರಾನೇ ಬರತ್ತೆ. ನಿನ್ನ ನ್ಯಾಪ್ಕಿನ್ ನೋಡ್ತೀನಿ. ಸುಳ್ಳು ಹೇಳಕ್ಕಾಗಲ್ಲ."

ಇಸ್ತ್ರಿಯಕ್ಕ ನಕ್ಕಳು. ಅಂದು ಸಂಜೆಗೆ ಹೋಗಬೇಕಾದ ದೋಣಿಗಳನ್ನು ತಾನೇ ಮಡಚಿ ಕಿಂಡಿಯಲ್ಲಿಟ್ಟಳು. ಅವುಗಳಲ್ಲಿ ಒಂದು ತನ್ನ ತಟ್ಟೆಯ ಮುಂದೆ ನಿಲ್ಲುತ್ತದೆ ಎಂದು ಯೋಚಿಸಿದಾಗ ಬಾಯಲ್ಲಿ ನೀರೂರಿತು. ಅದು ಹಸಿವೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆ ನಾಲ್ವರೂ ಹೋಟೆಲಿಗೆ ಹೋದರು. ಇಸ್ತ್ರಿಯಕ್ಕನ ಕಾಲು ರೂಢಿಯಂತೆ ಹಿಂದಿನ ಬಾಗಿಲಿನ ಕಡೆಗೆ ತಿರುಗಿತು, ಮಗಳು ತೋಳು ಹಿಡಿದು ಮುಂದಿನ ಬಾಗಿಲಿಗೆ ಎಳೆದಳು. ಗಂಡ ದೊಡ್ಡ ಗಾಜಿನ ಬಾಗಿಲಿನ ಬೀಗವನ್ನು ಬಗ್ಗಿ ನೋಡಿ, "ಒಳ್ಳೆ ಮಾಲು," ಎಂದ. ಲಿಫ್ಟಿನೊಳಗೆ ಅತ್ತೆ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಇದೇನು ಮೇಲೆ ಹೋಗ್ತಿದ್ಯೋ, ನಾವು ಕೆಳಗೆ ಬೀಳ್ತಿದೀವೋ," ಎಂದರು.

ಊಟದ ಕೋಣೆಯಲ್ಲಿ ದೀಪಗಳು ಮಂದವಾಗಿದ್ದವು. ಕಿಟಕಿಯಾಚೆ ಊರಿನ ಛಾವಣಿಗಳೂ ಅವುಗಳ ಮೇಲೆ ಒಣಹಾಕಿದ ಬಟ್ಟೆಗಳೂ ಕಾಣುತ್ತಿದ್ದವು. ದುಂಡು ಮೇಜಿನ ಮಧ್ಯೆ ಗಾಜಿನ ಒಂದು ತಿರುಗು ತಟ್ಟೆ. ಕಿಂಡಿಯಲ್ಲಿ ದಿನವೂ ನ್ಯಾಪ್ಕಿನ್ ಗಂಟು ಒಯ್ಯುತ್ತ, "ಏನಕ್ಕ, ಇವತ್ತು ದೋಣಿ ಮುಳುಗೋ ಹಾಗಿದೆ," ಎಂದು ಕೀಟಲೆ ಮಾಡುತ್ತಿದ್ದ ಹಿರಿಯ ವೇಟರು ಕುರ್ಚಿ ಎಳೆದು, "ಕೂತ್ಕೊಳ್ಳಿ ಮೇಡಮ್," ಎಂದ. ಇಸ್ತ್ರಿಯಕ್ಕ ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಅವನು ಸಣ್ಣ ದನಿಯಲ್ಲಿ ಊಟದ ಕ್ರಮ ಹೇಳಿದ. ಮೊದಲು ಫ್ರೆಂಚರ ಹಾಗೆ ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ಬರುತ್ತದೆ, ಒಂದು ಮುಗಿದ ಮೇಲೆ ಇನ್ನೊಂದು. ಆಮೇಲೆ ಚೀನಾದವರ ಹಾಗೆ ಎಲ್ಲವನ್ನೂ ಮಧ್ಯದಲ್ಲಿಡುತ್ತಾರೆ, ತಿರುಗು ತಟ್ಟೆಯನ್ನು ತಿರುಗಿಸಿಕೊಂಡು ಬೇಕಾದದ್ದನ್ನು ಹಾಕಿಕೊಳ್ಳಬೇಕು.

ಮೊದಲು ಸೂಪು ಬಂತು. ಸಣ್ಣ ಬಿಳಿ ಬಟ್ಟಲು, ಅದರ ಬಾಯಿಗೆ ಹಾಳೆ ಹಾಳೆಯಾಗಿ ಉಬ್ಬಿದ ಹಿಟ್ಟಿನ ಮುಚ್ಚಳ. ಚಮಚದ ತುದಿಯಿಂದ ಮುಚ್ಚಳ ಒಡೆದರೆ ಒಳಗಿನಿಂದ ಹಬೆ ಎದ್ದು ಮುಖಕ್ಕೆ ಬಡಿಯಿತು. ಅಣಬೆ, ಶುಂಠಿ, ಚಕ್ರಮೊಗ್ಗಿನ ಘಮ. ಇಸ್ತ್ರಿಯಕ್ಕ ಕಣ್ಣು ಮುಚ್ಚಿದಳು. ದಿನವಿಡೀ ಇಸ್ತ್ರಿಯ ಹಬೆಯಲ್ಲಿ ಬದುಕಿದ ಮುಖಕ್ಕೆ ತಿನ್ನುವ ವಸ್ತುವಿನ ಹಬೆ ಹೊಸದಾಗಿತ್ತು. ಅವಳು ಚಮಚ ಅದ್ದಿದಳು.

"ಏನೇ, ಉಪ್ಪು?" ಎಂದ ಗಂಡ.

ಉಪ್ಪಿನ ಕುಡಿಕೆ ಅವನ ಬಲಗೈಯ ಹತ್ತಿರವೇ ಇತ್ತು. ಅವಳು ಚಮಚ ಇಟ್ಟು, ಕೈ ಚಾಚಿ ಅದನ್ನು ಅವನ ಮುಂದೆ ಸರಿಸಿದಳು. ಅಷ್ಟರಲ್ಲಿ ಅತ್ತೆಯ ಚಮಚ ಕೆಳಗೆ ಬಿತ್ತು. ವೇಟರು ಬರುವ ಮೊದಲೇ ಇಸ್ತ್ರಿಯಕ್ಕ ಎದ್ದಳು. ಏಳುವಾಗ ತೊಡೆಯ ಮೇಲಿದ್ದ ನ್ಯಾಪ್ಕಿನ್ನನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ತಟ್ಟೆಯ ಎಡಕ್ಕೆ ಇಟ್ಟಳು. ಚಮಚ ಹುಡುಕಿ, ಬದಿಯ ಬೀರುವಿನಿಂದ ಬೇರೆ ಚಮಚ ತಂದು, ಅತ್ತೆಯ ಶಾಲು ಸರಿಮಾಡಿ, ಮಗಳ ಬೆನ್ನಿಗೆ ಗಾಳಿ ಬಡಿಯುತ್ತದೆಂದು ಕಿಟಕಿಯ ಪರದೆ ಎಳೆದು ಬಂದು ಕೂತಾಗ ಅವಳ ಮುಂದೆ ಬಟ್ಟಲು ಇರಲಿಲ್ಲ.

ದೊಡ್ಡ ಹೋಟೆಲು, ಇಷ್ಟೇ ಹೊತ್ತು ಕೊಡುತ್ತಾರೇನೋ ಎಂದುಕೊಂಡಳು. ನಾಲಿಗೆಯ ಮೇಲೆ ಒಂದು ಚಮಚದಷ್ಟೂ ರುಚಿ ಇರಲಿಲ್ಲ, ಮುಖದ ಮೇಲೆ ಮಾತ್ರ ಹಬೆಯ ನೆನಪು.

ಎರಡನೆಯದು ಮೀನು. ಹಬೆಯಲ್ಲಿ ಬೇಯಿಸಿದ ಬಿಳಿ ತುಂಡು, ಮೇಲೆ ಕೂದಲೆಳೆಯಷ್ಟು ತೆಳುವಾಗಿ ಸೀಳಿದ ಶುಂಠಿ, ಅದರ ಮೇಲೆ ವೇಟರು ಅಲ್ಲೇ ನಿಂತು ಬಿಸಿ ಬೆಣ್ಣೆಯ ರಸ ಸುರಿದ. ಶುಂಠಿ ಚುರ್ ಎಂದಿತು. ಈ ಸಲ ಬಿಡುವುದಿಲ್ಲ ಎಂದುಕೊಂಡು ಅವಳು ಫೋರ್ಕು ಹಿಡಿದಳು. ಮಗಳ ಫೋನು ಹೊಡೆದುಕೊಂಡಿತು, ಅವಳು ಮಾತಾಡುತ್ತ ಎದ್ದು ಆಚೆ ಹೋದಳು. ಅತ್ತೆ ಸೊಸೆಯ ಕಡೆಗೆ ಬಾಗಿದರು.

"ಏನಮ್ಮ, ಇಲ್ಲಿ ಬಚ್ಚಲು ಎಲ್ಲಿದೆ?"

"ಈಗ್ಲೇನಾ ಅತ್ತೆ?"

"ಅದು ನನ್ನ ಕೇಳಿ ಬರತ್ತಾ?"

ಇಸ್ತ್ರಿಯಕ್ಕ ನ್ಯಾಪ್ಕಿನ್ ಮಡಚಿ, ಎಡಕ್ಕಿಟ್ಟು, ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಮೊಣಕಾಲು ನೋವಿನವರ ಜೊತೆ ಹೋಗಿ ಬರುವುದೆಂದರೆ ಸುಮ್ಮನೆಯೇ? ಬಂದು ನೋಡಿದರೆ ಅತ್ತೆಯ ತಟ್ಟೆಯ ಮೇಲೆ ಬೆಳ್ಳಗೆ ಹೊಳೆಯುವ ಮುಚ್ಚಳ ಹಾಕಿ ಬಿಸಿ ಕಾಪಾಡಿದ್ದರು. ಸೊಸೆಯ ತಟ್ಟೆಯೇ ಇರಲಿಲ್ಲ. ಗಂಡ ಬೆಣ್ಣೆಯ ರಸಕ್ಕೆ ಬ್ರೆಡ್ಡು ಒತ್ತಿ ತಿನ್ನುತ್ತಿದ್ದ.

"ರೀ, ನನ್ನ ಮೀನೆಲ್ಲಿ?"

"ಆ ವೇಟರು ಬಂದು ತೆಗೀಲಾ ಅಂತ ಕೇಳಿದ. ತೆಗೀರಿ, ಅವಳು ಆಮೇಲೆ ತಿಂತಾಳೆ ಅಂದೆ."

"ಆಮೇಲೆ ಅಂದ್ರೆ?"

"ಆಮೇಲೆ ಅಂದ್ರೆ ಆಮೇಲೆ." ಗಂಡ ಬ್ರೆಡ್ಡನ್ನು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಅವನಲ್ಲಿ ಕುಹಕವಿರಲಿಲ್ಲ. ದಿನವೂ ಕಂಡದ್ದನ್ನು ಹೇಳಿದ್ದ. ಒಳಗೆಲ್ಲೋ ಒಂದು ಒಲೆಯ ಪಕ್ಕ, ತಟ್ಟೆ ಮುಚ್ಚಿಟ್ಟು, ಅವಳಿಗೆಂದು ಎತ್ತಿಟ್ಟಿರುತ್ತಾರೆ ಎಂದು ಅವನು ನಿಜವಾಗಿಯೂ ನಂಬಿದ್ದ.

ಇಸ್ತ್ರಿಯಕ್ಕ ತಟ್ಟೆಯಿದ್ದ ಖಾಲಿ ಜಾಗವನ್ನು ಅಂಗೈಯಿಂದ ಸವರಿದಳು. ಒಂದು ತುಂಡು ಮೀನಿಗೆ ಇಷ್ಟೇಕೆ ಎಂದು ತನ್ನನ್ನೇ ಗದರಿಸಿಕೊಂಡಳು. ಸೂಜಿಗೆ ಏನು ಹೇಳುವುದು? ಚೆನ್ನಾಗಿತ್ತಂತೆ.

ಹಿರಿಯ ವೇಟರು ನೀರು ತುಂಬಲು ಬಂದಾಗ ಅವಳು ತಲೆ ಎತ್ತದೆ ಕೇಳಿದಳು. "ನಾನು ಇನ್ನೂ ತಿಂದೇ ಇರಲಿಲ್ಲ. ಎರಡು ಸಲವೂ ಯಾಕೆ ತೆಗೆದ್ರಿ?"

ಅವನು ಜಗ್ಗು ಹಿಡಿದುಕೊಂಡೇ ಬಗ್ಗಿದ. ಅವನ ಬಾಯಲ್ಲಿ ಮೇಡಮ್ ಹೋಗಿ ಮತ್ತೆ ಅಕ್ಕ ಬಂತು.

"ಅಕ್ಕ, ನೀವೇ ಮಡಚಿಟ್ರಲ್ಲ. ಮಡಚಿ ಎಡಗಡೆ ಇಟ್ರೆ ನನಗೆ ಸಾಕು, ತಗೊಂಡ್ಹೋಗಿ ಅಂತ ಇಲ್ಲಿ ಲೆಕ್ಕ. ಎದ್ದು ಹೋಗಿ ಮತ್ತೆ ಬರೋರು ಅದನ್ನ ಕುರ್ಚಿ ಮೇಲೆ ಹಾಗೇ ಬಿಟ್ಟು ಹೋಗ್ತಾರೆ, ಮುದ್ದೆಯಾಗಿ. ನೀವು ಎರಡು ಸಲವೂ ಇಷ್ಟು ಅಚ್ಚುಕಟ್ಟಾಗಿ ಮಡಚಿದ್ರಿ, ಇನ್ನು ಸಾಹೇಬ್ರೂ ತೆಗೀರಿ ಅಂದ್ರು."

ಇಸ್ತ್ರಿಯಕ್ಕ ತನ್ನ ಎಡಕ್ಕಿದ್ದ ನ್ಯಾಪ್ಕಿನ್ನನ್ನು ನೋಡಿದಳು. ಗೆರೆ ಗೆರೆಗೆ ಕೂಡಿ, ಮೂಲೆ ಮೂಲೆಗೆ ಹೊಂದಿ ಎಷ್ಟು ಚೆನ್ನಾಗಿ ಕೂತಿತ್ತು. ಇಷ್ಟು ವರ್ಷ ಮಡಚಿದಳು, ಅದು ಮೇಲೆ ಬಂದು ಏನು ಹೇಳುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಕೆಳಗೆ ಬರುವ ಹೊತ್ತಿಗೆ ಎಲ್ಲವೂ ಬುಟ್ಟಿಯಲ್ಲಿ ಒಂದೇ ಮುದ್ದೆಯಾಗಿ ಬರುತ್ತಿತ್ತಲ್ಲ. ಅವಳಿಗೆ ನಗು ಬಂತು. ನನಗೆ ಸಾಕು, ತಗೊಂಡ್ಹೋಗಿ ಎಂದು ತನ್ನ ಕೈಯೇ ಹೇಳಿತ್ತು. ಎಷ್ಟು ಅಂದವಾಗಿ ಹೇಳಿತ್ತು.

"ಅಡುಗೆಮನೇಲಿ ಇದೆ ಅಕ್ಕ. ಬಿಸಿ ಮಾಡಿಸಿ ತಂದುಬಿಡ್ಲಾ?"

"ಬೇಡಪ್ಪ," ಎಂದಳು. "ಬಿಸಿ ಮಾಡಿದ್ದು ಬೇಡ. ಅದನ್ನ ಬೇಕಾದಷ್ಟು ತಿಂದಿದೀನಿ. ಮುಂದಿನದ್ದು ಏನು ಬರತ್ತೆ?"

"ಬಾತುಕೋಳಿ."

"ಬರ್ಲಿ."

ನ್ಯಾಪ್ಕಿನ್ನಿನ ತುದಿ ಹಿಡಿದು ಒಮ್ಮೆ ಕೊಡವಿದಳು. ಮಡಿಕೆಗಳೆಲ್ಲ ಬಿಟ್ಟುಕೊಂಡವು. ಅದನ್ನು ಎರಡೂ ಕೈಯಲ್ಲಿ ಮುದುರಿ, ಮತ್ತೆ ಬಿಡಿಸಿ, ಮಡಿಲ ಮೇಲೆ ಹರಡಿಕೊಂಡಳು. ಬಟ್ಟೆ ಮುದುರುವಾಗ ಬೆರಳಿಗೆ ಹಿಂಸೆಯಾಯಿತು.

ಬಾತುಕೋಳಿ ಬಂತು. ಮಗಳೂ ಫೋನು ಮುಗಿಸಿ ಬಂದು ಕೂತಳು. ಬೆಣ್ಣೆಯಣ್ಣನ ಕಿತ್ತಳೆ ರಸ, ಶುಂಠಿಯಣ್ಣನ ತೆಳು ರೊಟ್ಟಿ. ಚರ್ಮ ಕಂದುಬಣ್ಣಕ್ಕೆ ಹುರಿದು ಗಾಜಿನ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಸೌತೆಕಾಯಿಯ ಕಡ್ಡಿಗಳು, ಈರುಳ್ಳಿ ಸೊಪ್ಪು. ರೊಟ್ಟಿಯ ಮೇಲೆ ಮಾಂಸದ ಚೂರು ಇಟ್ಟು, ಸೊಪ್ಪು ಸೌತೆ ಸೇರಿಸಿ, ರಸ ಹಚ್ಚಿ, ಸುರುಳಿ ಸುತ್ತಿ ಕೈಯಲ್ಲೇ ತಿನ್ನಬೇಕು ಎಂದು ವೇಟರು ಒಂದು ಸಲ ಮಾಡಿ ತೋರಿಸಿ, ಸುಮ್ಮನೆ ಹಿಂದೆ ಸರಿದ.

ಮೇಜಿನ ಸುತ್ತ ಒಂದು ಕ್ಷಣ ಯಾರೂ ಕೈ ಚಾಚಲಿಲ್ಲ. ಗಂಡ ಹೆಂಡತಿಯನ್ನು ನೋಡಿದ. ಅತ್ತೆ ಸೊಸೆಯನ್ನು ನೋಡಿದರು. ಮಗಳು ತಾಯಿಯನ್ನು ನೋಡಿದಳು. ತಟ್ಟೆಗಳು ತಾವಾಗಿ ಅವಳ ಕಡೆಗೆ ಒಂದೆರಡು ಬೆರಳಿನಷ್ಟು ಸರಿದವು.

ಇಸ್ತ್ರಿಯಕ್ಕ ರೊಟ್ಟಿ ತೆಗೆದುಕೊಂಡಳು. ಚೂರು ಇಟ್ಟಳು, ಸೊಪ್ಪು ಇಟ್ಟಳು, ರಸ ಹಚ್ಚಿದಳು, ಅಂಚಿಗೆ ಅಂಚು ಕೂಡಿಸಿ ಸುತ್ತಿದಳು. ಮಡಚುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಸುರುಳಿ ಅಂಗಡಿಯಲ್ಲಿ ಮಾಡಿದ ಹಾಗೆ ಬಂತು. ಕೈ ಅದನ್ನು ಹಿಡಿದುಕೊಂಡು ಎಡಕ್ಕೆ, ಅತ್ತೆಯ ತಟ್ಟೆಯ ಕಡೆಗೆ ಹೊರಟಿತು. ಅರ್ಧ ದಾರಿಗೆ ಹೋಗಿ ನಿಂತಿತು. ಸುರುಳಿಯ ಬಿಸಿ ಬೆರಳಿಗೆ ತಾಕುತ್ತಿತ್ತು.

ಕೈಯನ್ನು ವಾಪಸ್ಸು ತಂದು ಅವಳು ಅದನ್ನು ಕಚ್ಚಿದಳು.

ಚರ್ಮ ಹಲ್ಲಿನ ಕೆಳಗೆ ಕಟ್ ಎಂದಿತು. ಮೊದಲು ಸಿಹಿ, ಆಮೇಲೆ ಹುಳಿ, ಆಮೇಲೆ ನಾಲಿಗೆ ಸುಡುವ ಜಿಡ್ಡು. ಅವಳು ಬಾಯಿ ಸ್ವಲ್ಪ ತೆರೆದು ಉಸಿರು ಬಿಟ್ಟಳು, ಮಕ್ಕಳು ಬಿಸಿ ತಿನ್ನುವಾಗ ಮಾಡುವ ಹಾಗೆ. ರಸ ಗದ್ದದ ಮೇಲೆ ಇಳಿಯಿತು.

"ಏನೇ, ಇದನ್ನ ಹೇಗೆ ಮಾಡೋದು?" ಎಂದ ಗಂಡ, ಅವಳು ನುಂಗುವವರೆಗೆ ಕಾದು.

"ನೋಡಿದ್ರಲ್ಲ, ಹಾಗೆ."

"ನನ್ನ ಕೈಗೆ ಇದೆಲ್ಲ ಬರಲ್ಲ."

"ಬೀಗದ ಒಳಗಿನ ಸ್ಪ್ರಿಂಗು ಕೂರಿಸೋ ಕೈ," ಎಂದಳು, ಎರಡನೆಯ ತುತ್ತು ಬಾಯಲ್ಲಿಟ್ಟುಕೊಂಡೇ. "ರೊಟ್ಟಿ ಸುತ್ತಕ್ಕೆ ಬರಲ್ವಾ?"

ಅತ್ತೆ ಪಕಪಕ ನಕ್ಕರು. ಗಂಡ ಒಂದು ರೊಟ್ಟಿ ಎಳೆದುಕೊಂಡ. ಅವನು ಹಾಕಿದ್ದು ಹೆಚ್ಚಾಗಿ, ಸುತ್ತಿದ್ದು ಕಡಿಮೆಯಾಗಿ, ಎತ್ತಿದ ಕೂಡಲೇ ಎಲ್ಲವೂ ಕೆಳಗಿನಿಂದ ತಟ್ಟೆಗೆ ಬಿತ್ತು. ಇಸ್ತ್ರಿಯಕ್ಕನ ಕೈ ತನ್ನಷ್ಟಕ್ಕೆ ಎದ್ದಿತು. ಅವಳು ಅದನ್ನು ಮಡಿಲಿಗೆ ಒತ್ತಿ ಹಿಡಿದಳು. ಆಗ ಬಲಗಡೆಯಿಂದ ಇನ್ನೊಂದು ಕೈ ಚಾಚಿತು.

"ಕೊಡಿ ಅಪ್ಪ, ನಾನು ಮಾಡ್ಕೊಡ್ತೀನಿ," ಎಂದಳು ಮಗಳು. ಅವಳ ಮುಂದೆ ಅವಳೇ ಸುತ್ತಿಕೊಂಡ ಸುರುಳಿ ತಟ್ಟೆಯಲ್ಲಿ ಹಬೆಯಾಡುತ್ತಿತ್ತು, ಇನ್ನೂ ಕಚ್ಚಿರಲಿಲ್ಲ.

ಇಸ್ತ್ರಿಯಕ್ಕ ಮಗಳ ಮಣಿಕಟ್ಟು ಹಿಡಿದಳು. ಮೃದುವಾಗಿಯೇ ಹಿಡಿದಳು, ಬಿಡಲಿಲ್ಲ.

"ಬಿಡು. ಅವರೇ ಮಾಡ್ಕೊತಾರೆ. ನಿಂದು ಆರತ್ತೆ."

ಮಗಳು ತಾಯಿಯ ಮುಖ ನೋಡಿದಳು, ತನ್ನ ಚಾಚಿದ ಕೈ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡು ತನ್ನ ಸುರುಳಿ ಎತ್ತಿದಳು.

ಗಂಡ ಚೆಲ್ಲಿದ್ದನ್ನು ಚಮಚದಲ್ಲಿ ತಿಂದ. ಎರಡನೆಯ ರೊಟ್ಟಿಯನ್ನು ಬೀಗದ ಮುಂದೆ ಕೂರುವ ಹಾಗೆ ಕಣ್ಣು ಕಿರಿದು ಮಾಡಿ ಸುತ್ತಿದ. ಅದು ಡೊಂಕಾಗಿ ಬಂತು, ಆದರೂ ಬಿಚ್ಚಿಕೊಳ್ಳಲಿಲ್ಲ. ಅವನು ಅದನ್ನು ಎಲ್ಲರಿಗೂ ಒಮ್ಮೆ ತೋರಿಸಿ ತಿಂದ. ಅತ್ತೆಯೂ ನಡುಗುವ ಬೆರಳಲ್ಲಿ ತಮ್ಮದನ್ನು ತಾವೇ ಸುತ್ತತೊಡಗಿದರು. ಸಹಾಯ ಬೇಕೇ ಎಂದು ಸೊಸೆ ಕೇಳಲೋ ಬೇಡವೋ ಎಂದು ನೋಡುವಷ್ಟರಲ್ಲಿ ಅವರೇ ಹೇಳಿದರು.

"ನನ್ನ ಕಡೆ ನೋಡ್ಬೇಡ. ಮೊಣಕಾಲು ಹೋಗಿರೋದು, ಕೈ ಹೋಗಿಲ್ಲ." ಒಂದು ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿದರು. "ನಾನು ಬಿಸಿದು ತಿನ್ನೋಕೆ ಸೊಸೆ ಬರ್ಬೇಕಾಯ್ತು. ನೀನು ಹೋಟ್ಲಿಗೇ ಬರ್ಬೇಕಾಯ್ತು ನೋಡು."

ಇಸ್ತ್ರಿಯಕ್ಕ ತಲೆಯಾಡಿಸಿದಳು. ಬಾಯಿ ತುಂಬಿತ್ತು. ತಿರುಗು ತಟ್ಟೆಯನ್ನು ತನ್ನ ಕಡೆಗೆ ತಿರುಗಿಸಿ ಮತ್ತೊಂದು ರೊಟ್ಟಿ ತೆಗೆದುಕೊಂಡಳು, ಆಮೇಲೆ ಇನ್ನೊಂದು. ಗದ್ದವನ್ನೂ ತುಟಿಯನ್ನೂ ನ್ಯಾಪ್ಕಿನ್ನಿನಿಂದ ಒತ್ತಿ ಒತ್ತಿ ಒರೆಸಿಕೊಂಡಳು. ಕೊನೆಗೆ ಬಂದ ಸಿಹಿಯ ಮೇಲಿನ ಸುಟ್ಟ ಸಕ್ಕರೆಯ ಪದರವನ್ನು ಚಮಚದಿಂದ ಟಕ್ ಎಂದು ಒಡೆದು, ಅದನ್ನೂ ಪೂರ್ತಿ ತಿಂದಳು. ನಡುವೆ ಗಂಡ ಒಮ್ಮೆ "ಏನೇ, ನೀರು," ಎಂದು ಶುರುಮಾಡಿ, ಜಗ್ಗು ತನ್ನ ಮುಂದೆಯೇ ಇರುವುದನ್ನು ಕಂಡು ತಾನೇ ಬಗ್ಗಿಸಿಕೊಂಡ. ಆಮೇಲೆ ತಾಯಿಯ ಲೋಟಕ್ಕೂ ಬಗ್ಗಿಸಿದ. ಇಷ್ಟಕ್ಕೆ ಅವನು ಬದಲಾಗಿಬಿಟ್ಟ ಎಂದು ಅವಳೇನೂ ನಂಬಲಿಲ್ಲ. ನಾಳೆ ಮನೆಯಲ್ಲಿ ಮತ್ತೆ ಹೇಳಬೇಕು, ನಾಡಿದ್ದೂ ಹೇಳಬೇಕು.

ಏಳುವಾಗ ಬೆರಳು ಮತ್ತೆ ಅಂಚು ಹುಡುಕಿತು. ಅವಳು ನ್ಯಾಪ್ಕಿನ್ನನ್ನು ನೋಡಿದಳು. ಕಿತ್ತಳೆ ರಸ ನಡುಮಧ್ಯೆ ಹರಡಿತ್ತು. ಇದನ್ನು ತೆಗೆಯಲು ನಾಳೆ ಒಬ್ಬಳು ತೋಳು ನೋಯುವಷ್ಟು ಉಜ್ಜಬೇಕು. ಆ ಒಬ್ಬಳು ಸೂಜಿಯೇ ಎಂದು ಅವಳಿಗೆ ಗೊತ್ತಿತ್ತು. ಒಂದು ಗಳಿಗೆ ಮನಸ್ಸು ಅಳುಕಿತು. ಆಮೇಲೆ ಅದನ್ನು ಹಾಗೆಯೇ, ಮುದುರಿದ್ದು ಮುದುರಿದ್ದಂತೆ, ಕಲೆ ಮೇಲಾಗಿ ಮೇಜಿನ ಮೇಲೆ ಬಿಟ್ಟು ಎದ್ದಳು.

ಬೆಳಿಗ್ಗೆ ಏಪ್ರನ್ನು, ಕಪಾಟಿನ ಬೀಗದ ಕೈ ಕೊಟ್ಟು ಬರಲು ಬಟ್ಟೆ ಕೋಣೆಗೆ ಹೋದಳು. ಉರುಳೆ ಬಿಸಿಯಾಗುತ್ತಿತ್ತು. ಸೂಜಿ ಬುಟ್ಟಿಯ ಪಕ್ಕ ಕೂತು ಒಂದು ನ್ಯಾಪ್ಕಿನ್ನನ್ನು ಬೆಳಕಿಗೆ ಹಿಡಿದಿದ್ದಳು.

"ನಡುವೆ ಕಲೆ," ಎಂದಳು ಸೂಜಿ, ತಲೆ ಎತ್ತದೆ. "ಅಂಚಲ್ಲಿ ಬೆರಳು ಗುರುತು ಒಂದೇ. ತುಟಿ ಗುರುತು ಇಲ್ಲಿ, ಇಲ್ಲಿ, ಇಲ್ಲೂ. ಇವಳು ಬಡಿಸಿದವಳಲ್ಲ ಕಣೆ. ಹೊಟ್ಟೆಬಾಕಿ."

"ಸೂಪೂ ಮೀನೂ ಹೋಯ್ತು," ಎಂದಳು ಇಸ್ತ್ರಿಯಕ್ಕ. "ಬಾತುಕೋಳಿ ಪೂರ್ತಿ ನಂದೇ. ಚರ್ಮ ಕಟ್ ಅನ್ನತ್ತೆ. ಒಳಗೆ ಮೆತ್ತಗೆ. ಕಿತ್ತಳೆ ಮೊದಲು ಸಿಹಿ, ನುಂಗೋ ಹೊತ್ತಿಗೆ ಹುಳಿ. ನಾಲಿಗೆ ಸುಟ್ಕೊಂಡಿದೀನಿ, ನೋಡು."

ಅವಳು ನಾಲಿಗೆ ಚಾಚಿ ತೋರಿಸಿದಳು. ಸೂಜಿ ಕನ್ನಡಕ ಸರಿಮಾಡಿಕೊಂಡು, ಹರಿದ ಬಟ್ಟೆ ನೋಡುವ ಹಾಗೆ ಹತ್ತಿರದಿಂದ ನೋಡಿದಳು.

"ಕೆಂಪಗಾಗಿದೆ," ಎಂದು ಒಪ್ಪಿಕೊಂಡಳು.

"ಇನ್ನೊಂದು ಮಾತು, ನಿನ್ನ ಸರದಿಗೆ. ಎದ್ದರೆ ನ್ಯಾಪ್ಕಿನ್ ಮಡಚಬೇಡ. ಮಡಚಿದ್ಯೋ, ತಟ್ಟೆ ಹೋಯ್ತು."

"ಅಂದ್ರೆ?"

"ಕುರ್ಚಿ ಮೇಲೆ ಮುದುರಿ ಬಿಸಾಕು. ಇಲ್ಲ, ಏಳ್ಲೇಬೇಡ. ಅದೇ ಸುಲಭ."

ಸೂಜಿ ನ್ಯಾಪ್ಕಿನ್ನನ್ನು ತೊಟ್ಟಿಗೆ ಹಾಕಲು ಎದ್ದಳು. ಇಸ್ತ್ರಿಯಕ್ಕ ರೂಢಿಯಂತೆ, "ಕಿತ್ತಳೆ ಕಲೆಗೆ ಮೊದಲು ತಣ್ಣೀರು," ಎಂದು ಕೈ ಚಾಚಿದವಳು, ಅರ್ಧದಲ್ಲಿ ನಿಲ್ಲಿಸಿದಳು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ತಾನು ಯಾವತ್ತೂ ಕೂರದಿದ್ದ ಕಿಂಡಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಟೀ ಇದ್ಯೇನೇ?"

"ಇದೆ. ಈಗಷ್ಟೇ ಇಳಿಸಿದ್ದು."

"ಹಾಗಾದ್ರೆ ನನಗೆ ಮೊದಲು ಕೊಡು. ಆಮೇಲೆ ನೀನೂ ಬಂದು ಕೂತ್ಕೋ, ಆರೋ ಮುಂಚೆ."